ಒಳಚೀಟಿಯಲ್ಲಿ ಖಾರದವ್ವ

ಖಾರದವ್ವ ಸತ್ತು ಮೂರು ತಿಂಗಳಾದ ಮೇಲೆ ಅವಳ ಡಬ್ಬಕ್ಕೆ ಆರ್ಡರ್ ಬಂತು. ಹೊತ್ತು ಮಟಮಟ ಮಧ್ಯಾಹ್ನ. ಅಂಗಡಿಯಲ್ಲಿ ನಾನೊಬ್ಬಳೇ ಹಪ್ಪಳ ಜೋಡಿಸುತ್ತಾ ಕೂತಿದ್ದೆ. ಫೋನು ಟಿಣ್ ಅಂತು.

ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಕೂಡಿಸಿಕೊಂಡು ಓದ್ತೀನಿ. ಇಂಗ್ಲಿಷು ಅಕ್ಷರ ಕಲಿತದ್ದು ತಲೆ ಬೆಳ್ಳಗಾದ ಮೇಲೆ, ಅದೂ ಈ ಕೆಲಸಕ್ಕೋಸ್ಕರ. ಆದದ್ದನ್ನ ಆದ ಹಾಗೆ ಬರೀತೀನಿ. ನಂಬೋರು ನಂಬಲಿ, ಬಿಡೋರು ಬಿಡಲಿ.

ನಮ್ಮದು ಬಿಳಿಕೆರೆಯಲ್ಲಿ ರಸ್ತೆಗೆ ಮುಖ ಮಾಡಿದ ಎರಡು ಕೋಣೆ. ಹೆಂಗಸರ ಸಂಘ. ಹುರಿಹಿಟ್ಟು, ಹಪ್ಪಳ, ಹುಣಸೆ ತೊಕ್ಕು, ಬಾಣಂತಿ ಖಾರ. ಅಂಗಡಿಗೆ ಬಂದು ಕೊಳ್ಳೋರಿಗಿಂತ ಫೋನಿನಲ್ಲಿ ನೋಡಿ ತರಿಸಿಕೊಳ್ಳೋರು ಜಾಸ್ತಿ. ಬಾಣಂತಿ ಖಾರ ಕುಟ್ಟುತ್ತಿದ್ದವಳು ಕಂಪಲಾಪುರದವಳು, ನನಗಿಂತ ಎರಡು ವರ್ಷ ಸಣ್ಣವಳು. ಮೆಣಸು, ಜೀರಿಗೆ, ಓಮ, ಒಣಶುಂಠಿ, ಹಿಪ್ಪಲಿ, ಇನ್ನೂ ಏನೇನೋ. ಎಲ್ಲ ಒರಳಲ್ಲೇ, ಒನಕೆಯಲ್ಲೇ. ಮಿಷನ್ನಿಗೆ ಹಾಕು ಅಂದರೆ "ಮಿಷನ್ ಬಾಣಂತಿಯಾ?" ಅನ್ನೋಳು. ಖಾರದ ಘಾಟು ಕುಡಿದೂ ಕುಡಿದೂ ಅವಳಿಗೊಂದು ಕೆಮ್ಮು ಅಂಟಿತ್ತು. ಯಾವ ಮಾತಿಗೂ ಮೊದಲು ಎರಡು ಸಲ, ಸಣ್ಣಗೆ. ಆಮೇಲೆ ಮಾತು. ಎಲ್ಲರೂ ಅವಳನ್ನ ಖಾರದವ್ವ ಅಂತಲೇ ಕರೀತಿದ್ದದ್ದು.

ಕಂಪ್ಯೂಟರ್ ನೋಡಿಕೊಳ್ಳೋದು ಹುಣಸೂರಿನ ಒಬ್ಬ ಹೆಂಗಸು. ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತು ವರ್ಷ ಜೆರಾಕ್ಸ್, ಟೈಪಿಂಗ್ ನಡೆಸಿದವಳು. ಸರ್ಕಾರಿ ಅರ್ಜಿ ಬರೆದು ಬರೆದು ಕೈ ಪಳಗಿದೆ, ಬಾಯೂ ಪಳಗಿದೆ. ಅವಳೇ ಈ ಒಳಚೀಟಿ ವಿಷಯ ತಂದದ್ದು.

"ದೊಡ್ಡವ್ವ, ನಮ್ಮ ಪುಟದಲ್ಲಿ ಏನಿದೆ ಅಂತ ಮನುಷ್ಯರಿಗೆ ಕಾಣುತ್ತೆ. ಹುಡುಕೋ ಯಂತ್ರಕ್ಕೆ ಹಂಗೆ ಕಾಣಲ್ಲ. ಅದಕ್ಕೆ ಅಂತಲೇ ಅಡಿಯಲ್ಲಿ ಬೇರೆ ಬರೀಬೇಕು. ಇದು ಹೆಸರು, ಇದು ಚಿತ್ರ, ಇದು ಬೆಲೆ, ಇದು ಮಾಡಿದವರು, ಇದು ಇದೆಯೋ ಇಲ್ಲವೋ, ಇದು ಎಷ್ಟು ಸ್ಟಾರು. ಹಂಗೆ ಬರೆದರೆ ಯಾರಾದ್ರೂ ಬಾಣಂತಿ ಖಾರ ಅಂತ ಹುಡುಕಿದಾಗ ಚಿತ್ರದ ಸಮೇತ ನಮ್ಮದು ಮೇಲೆ ಬರುತ್ತೆ."

"ಜನಕ್ಕೆ ಕಾಣಲ್ವಾ?"

"ಕಾಣಲ್ಲ. ಯಂತ್ರ ಮಾತ್ರ ಓದೋದು."

ನನಗೆ ತಕ್ಷಣ ಅರ್ಥವಾಯಿತು. ಹೊಗೆಸೊಪ್ಪಿನ ಗ್ರೇಡಿಂಗಿಗೆ ಹೋಗುತ್ತಿದ್ದಾಗ ಸೊಪ್ಪಿನ ಮೂಟೆಗೆ ಚೀಟಿ ಹಾಕೋದು ನೋಡಿದ್ದೆ. ಸೊಪ್ಪು ಒಳಗೆ ಹೇಗಾದರೂ ಇರಲಿ, ಮುಂದಿನವನು ನೋಡೋದು ಚೀಟಿಯನ್ನ. ಅವಳು ಇದಕ್ಕೆ ಸ್ಕೀಮಾ ಅಂದಳು. ನಾನು ಒಳಚೀಟಿ ಅಂದೆ. ಆಮೇಲೆ ಅವಳೂ ಹಂಗೇ ಅಂದಳು.

ಸುಲಭದ ಕೆಲಸ ಅಲ್ಲ. ಬಳ್ಳಿ ಹಾಗೆ ಬಾಗಿದ ಕಂಸ, ಅದರೊಳಗೆ ಇನ್ನೊಂದು ಕಂಸ, ಪ್ರತಿ ಮಾತಿನ ಆಚೆ ಈಚೆ ಎರಡೆರಡು ಚುಕ್ಕೆಗೀಟು, ಸಾಲಿನ ಕೊನೆಗೆ ಕಾಮಾ. ನಾನು ಪಕ್ಕದಲ್ಲಿ ಕೂತು ತೂಕ, ಬೆಲೆ, ಮಾಡಿದವರ ಹೆಸರು ಹೇಳೋದು, ಅವಳು ಹಾಕೋದು. ಮೊದಲ ಸಲ ಎರಡು ವಾರ ಕಾದರೂ ಏನೂ ಬರಲಿಲ್ಲ. ನೋಡಿದರೆ ತೂಕದ ಸಾಲಿನ ಕೊನೆಗೆ ಒಂದು ಕಾಮಾ ಬಿಟ್ಟುಹೋಗಿತ್ತು. ಒಂದು ಕಾಮಾ ಹೋದರೆ ಇಡೀ ಚೀಟಿ ಹೆಣ. ಎರಡನೇ ಸಲ ಬೆಲೆಯ ಮುಂದೆ 'ರೂ' ಅಂತ ಹಾಕಿದ್ದಕ್ಕೆ ಯಂತ್ರ ಒಪ್ಪಲಿಲ್ಲ. ಬರೀ ಅಂಕಿ ಬೇಕಂತೆ, ಯಾವ ದೇಶದ ದುಡ್ಡು ಅನ್ನೋದಕ್ಕೆ ಬೇರೆ ಸಾಲಂತೆ. ಇದೆಯೋ ಇಲ್ಲವೋ ಅನ್ನೋದನ್ನ ಮಾತ್ರ ಅವಳು ಕೈಯಲ್ಲಿ ಬರೆಯಲಿಲ್ಲ. ಅಂಗಡಿಯ ಲೆಕ್ಕದಲ್ಲಿ ಡಬ್ಬ ಇದ್ದರೆ ಚೀಟಿ ತಾನೇ 'ಇದೆ' ಅನ್ನೋ ಹಾಗೆ ಜೋಡಿಸಿಟ್ಟಳು. ಆ ಒಂದು ಸಾಲು ನೆನಪಿಟ್ಟುಕೊಳ್ಳಿ.

ಮೂರನೇ ಸಲಕ್ಕೆ ಬಂತು. ಒನಕೆ ಹಿಡಿದ ಖಾರದವ್ವನ ಚಿತ್ರ, ಪಕ್ಕದಲ್ಲಿ ಸ್ಟಾರು, ಕೆಳಗೆ 'ಲಭ್ಯವಿದೆ'. ಅವಳಿಗೆ ತೋರಿಸಿದಾಗ ಎರಡು ಸಲ ಕೆಮ್ಮಿ, ಫೋನನ್ನ ಕಣ್ಣ ಹತ್ತಿರ ತಂದಳು.

"ಯಾರವ್ವ ಇವ್ಳು? ಮೂತಿ ನೋಡು, ಸಾಲ ಕೇಳಕ್ಕೆ ಬಂದಂಗವ್ಳೆ."

"ನೀನೇ ಕಣೆ."

"ನಾನು ಇಲ್ಲಿ ಕುಂತಿವ್ನಲ್ಲ. ಇವ್ಳು ನನ್ನ ಬುಟ್ಟು ಊರೂರು ತಿರುಗ್ತಾವ್ಳೆ ಅನ್ನು."

ನಾವು ನಕ್ಕೆವು. ಆಮೇಲೆ ಆ ಮಾತು ನೆನಪಾದಾಗ ನಗು ಬರಲಿಲ್ಲ.

ಅವಳು ಸತ್ತದ್ದು ಎದೆನೋವಿಂದ. ಆಸ್ಪತ್ರೆ ಮುಟ್ಟೋಕೆ ಮುಂಚೆಯೇ ಮುಗಿದಿತ್ತು. ಮಣ್ಣು ಹಾಕಿ ಬಂದ ಮಾರನೇ ವಾರ ಟೈಪಿಂಗಿನವಳು ಕೇಳಿದಳು. "ಪುಟದಲ್ಲಿ ಏನು ಹಾಕಲಿ? ಮಾಡೋರು ತೀರಿಕೊಂಡಿದ್ದಾರೆ ಅಂತ ಹಾಕಲಾ?"

"ಥೂ, ಬುಡ್ತು ಅನ್ನು," ಅಂದೆ. "ಅದನ್ನ ಓದೋರು ಯಾರು? ಹಸಿ ಬಾಣಂತೀರು. ಬಾಣಂತಿ ಕಿವಿಗೆ ಸಾವಿನ ಸುದ್ದಿ ಹಾಕ್ತಾರಾ ಯಾರಾದ್ರೂ?"

ನಮ್ಮ ಕಡೆ ಹಾಕಲ್ಲ. ಸ್ವಂತ ತಾಯಿ ಸತ್ತರೂ ದಿನ ಕಳೆಯೋ ತನಕ ಮುಚ್ಚಿಡೋರಿದ್ದಾರೆ. ಹಾಲು ಬತ್ತುತ್ತೆ, ಮೈ ನಡುಗುತ್ತೆ ಅಂತ. ಇವಳೂ ಹೆತ್ತವಳೇ, ತಲೆ ಆಡಿಸಿದಳು. ಖಾರದವ್ವನ ಸೊಸೆಗೆ ಅಳತೆ ಗೊತ್ತಿದ್ದರೆ ಮುಂದುವರಿಸೋಣ ಅಂತ ಒಂದು ಆಸೆಯೂ ಇತ್ತು. ಅವಳಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಅದಕ್ಕೆ ಪುಟದ ಮೇಲೆ, ಜನಕ್ಕೆ ಕಾಣೋ ಕಡೆ, 'ಸದ್ಯಕ್ಕೆ ಕುಟ್ಟುತ್ತಿಲ್ಲ, ವಿಚಾರಿಸಲು ಫೋನ್ ಮಾಡಿ' ಅಂತ ಒಂದು ಸಾಲು ಹಾಕಿಸಿದೆ. ಅಡಿಯ ಚೀಟಿಯನ್ನ ಇಬ್ಬರೂ ಮರೆತೆವು.

ಕಪಾಟಿನಲ್ಲಿ ಅವಳ ಕೈಯ ಒಂದು ಡಬ್ಬ ಉಳಿದಿತ್ತು. ಅದನ್ನ ಮಾರಬಾರದು ಅಂದವಳು ನಾನೇ. ಅಕ್ಕಿ ಮಡಕೆಯಾಗಲಿ, ರಾಗಿ ವಾಡೆಯಾಗಲಿ, ತಳ ಕಾಣಿಸಬಾರದು ಅನ್ನೋದು ನಮ್ಮ ಮನೆ ರೂಢಿ. ಒಂದು ಹಿಡಿ ಇರಲೇಬೇಕು. ಹಂಗೇ ಆ ಡಬ್ಬ ಇತ್ತು. ಲೆಕ್ಕದಲ್ಲಿ ಒಂದು.

ಮೊದಲ ಆರ್ಡರ್ ಬಂದಾಗ ಯಾರೋ ಕಣ್ತಪ್ಪಿ ಒತ್ತಿದ್ದಾರೆ ಅಂದುಕೊಂಡೆವು. ಬೆಳಗ್ಗೆ ಟೈಪಿಂಗಿನವಳು ಬಂದು ಕ್ಯಾನ್ಸಲ್ ಮಾಡಿದಳು. ಮಧ್ಯಾಹ್ನ ಹನ್ನೆರಡು ದಾಟಿದ್ದೇ ತಡ, ಮತ್ತೆ ಟಿಣ್. ಅದೇ ಡಬ್ಬ. ಬೇರೆ ಊರು. ಮಾರನೇ ದಿನ ಕ್ಯಾನ್ಸಲ್, ಮಧ್ಯಾಹ್ನ ಟಿಣ್. ಅದೇ ಹೊತ್ತಿಗೆ ಖಾರದವ್ವ ಕುಟ್ಟೋದು ನಿಲ್ಲಿಸಿ ಎಲೆಅಡಿಕೆಗೆ ಕೂರುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಒರಳು ಬೋರಲು ಹಾಕಿತ್ತು. ನಾಲ್ಕನೇ ದಿನ ಟೈಪಿಂಗಿನವಳು ಆ ಕೋಣೆ ಬಾಗಿಲು ಎಳೆದು ಚಿಲಕ ಹಾಕಿ ಬಂದು ಕೂತಳು.

"ಯಾಕೆ?" ಅಂದೆ.

"ಗಾಳಿ."

"ಎಲೆ ಅಲ್ಲಾಡ್ತಿಲ್ಲ, ಗಾಳಿಯಂತೆ. ಭಯ ಅನ್ನು."

"ನಿಮಗಿಲ್ವಾ?"

"ಬದುಕಿದ್ದಾಗಲೇ ಅವಳಿಗೆ ಹೆದರಲಿಲ್ಲ. ಕಂಪ್ಯೂಟರ್ ತೆಗಿ, ಅಡಿ ನೋಡು."

ಪುಟದ ವಿಳಾಸ ಹಾಕಿದರೆ ಯಂತ್ರಕ್ಕೆ ಏನು ಕಾಣುತ್ತೆ ಅಂತ ತೋರಿಸೋ ಒಂದು ಪರೀಕ್ಷೆ ಇದೆ. ಹಾಕಿದಳು. ಸಾಲು ಸಾಲಾಗಿ ಬಂತು. ಹೆಸರು: ಬಾಣಂತಿ ಖಾರ. ಮಾಡಿದವರು: ಅವಳು. ಚಿತ್ರ: ಅವಳು. ಇದೆಯೋ ಇಲ್ಲವೋ: ಇದೆ. ಪ್ರತಿ ಸಾಲಿನ ಮುಂದೆ ಹಸಿರು ಗುರುತು. ತಪ್ಪು: ಒಂದೂ ಇಲ್ಲ.

ಮೇಲೆ ನಾವು ಬರೆದ 'ಸದ್ಯಕ್ಕೆ ಕುಟ್ಟುತ್ತಿಲ್ಲ' ಅದರಲ್ಲಿ ಎಲ್ಲೂ ಇರಲಿಲ್ಲ. ಅಡಿಯಲ್ಲಿ ಅವಳು ಸತ್ತೇ ಇರಲಿಲ್ಲ.

"ಗೊತ್ತಾಯ್ತು," ಅಂದಳು ಟೈಪಿಂಗಿನವಳು, ಬೆವರು ಒರೆಸಿಕೊಂಡು. "ಲೆಕ್ಕದಲ್ಲಿ ಒಂದು ಡಬ್ಬ ಇದೆ. ಆರ್ಡರ್ ಬಂದ್ರೆ ಸೊನ್ನೆ ಆಗುತ್ತೆ. ನಾವು ಬೆಳಗ್ಗೆ ಕ್ಯಾನ್ಸಲ್ ಮಾಡಿದ್ರೆ ಡಬ್ಬ ವಾಪಸ್ ಬಂದು ಒಂದಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಬಂದು ಓದಿ 'ಇದೆ' ಅಂತ ಎಲ್ಲರಿಗೂ ಸಾರುತ್ತೆ. ಸಾರಿದ ತಕ್ಷಣ ಯಾರೋ ಒತ್ತುತ್ತಾರೆ."

"ಹಂಗಾರೆ ನಾವೇ ದಿನಾ ಬೆಳಗ್ಗೆ ಅವಳನ್ನ ಎಬ್ಬಿಸ್ತಾ ಇದ್ದೀವಿ."

"ಹಂಗನ್ಬೇಡಿ ದೊಡ್ಡವ್ವ!"

ಡಬ್ಬ ಲೆಕ್ಕದಿಂದ ತೆಗೆದುಬಿಡೋಣ ಅಂದಳು. ಅಲ್ಲೇ ಒಪ್ಪಬೇಕಿತ್ತು. ನಾಳೆ ನೋಡೋಣ ಅಂದೆ, ನಾಳೆ ನಾಳೆ ಅಂತ ಹತ್ತು ದಿನ ತಳ್ಳಿದೆ. ಯಾಕೆ ಅಂದೆನೋ ಆಗ ಗೊತ್ತಿರಲಿಲ್ಲ.

ಈಗ ನನ್ನ ತಪ್ಪು ಬರೀತೀನಿ. ವಿಚಾರಿಸಲು ಫೋನ್ ಮಾಡಿ ಅಂತ ಹಾಕಿದ್ದೆವಲ್ಲ, ಮಾಡುತ್ತಿದ್ದರು. ಅಂಗಡಿ ಫೋನು ನನ್ನ ಹತ್ತಿರ. "ಖಾರದವ್ವ ಅವರಾ?" ಅಂತ ಕೇಳೋರು. ಹಿಂದೆ ಮಗು ಅಳೋದು ಕೇಳಿಸೋದು. ಸತ್ತಳು ಅನ್ನೋದು ಹೆಂಗೆ? ಮೊದಲ ಸಲ "ಹೂಂ" ಅಂದೆ. ಒಂದು ಹೂಂ ಅಂದ ಮೇಲೆ ಮುಂದಿನ ಮಾತೂ ಅವಳದೇ ಆಡಬೇಕಾಯಿತು. ಅವಳು ಮಾತಾಡುತ್ತಿದ್ದ ರೀತಿ ನನಗೆ ಬಾಯಿಪಾಠ. ಮೊದಲು "ಉಂಡ್ಯಾ ಕೂಸೇ?" ಅನ್ನೋಳು. ಆಮೇಲೆ "ಮಗ ಕುಡೀತದಾ?" ಆಮೇಲೆ "ಜ್ವರ ಗಿರ ಇಲ್ವಲ್ಲ?" ಮೂರೂ ಕೇಳದೆ ಡಬ್ಬ ಕೊಡುತ್ತಿರಲಿಲ್ಲ. ನಾನೂ ಮೂರೂ ಕೇಳುತ್ತಿದ್ದೆ. "ಕಳಿಸ್ತೀನಿ ಕೂಸೇ" ಅಂತ ಇಡುತ್ತಿದ್ದೆ. ನಾಲ್ಕು ದಿನಕ್ಕೆ ಮರೀತಾರೆ ಬುಡು ಅಂದುಕೊಂಡೆ.

ಒಂದು ದಿನ ಹಂಗೆ ಮಾತಾಡಿ ಫೋನ್ ಇಟ್ಟು ತಿರುಗಿದರೆ, ಟೈಪಿಂಗಿನವಳು ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಕಾಲಿಟ್ಟಿಲ್ಲ.

"ಯಾರು ಮಾತಾಡಿದ್ದು?"

"ನಾನೇ ಕಣೆ. ಕಣ್ಣು ಕಾಣಲ್ವಾ?"

"ಕಣ್ಣಿಗೆ ನೀವೇ. ದನಿ ನಿಮ್ಮದಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಮೊದಲು ಎರಡು ಸಲ ಕೆಮ್ಮಿದಿರಿ."

"ನನಗೆಲ್ಲಿ ಕೆಮ್ಮು?"

"ಅದಕ್ಕೇ ಕೇಳಿದ್ದು."

ನಾನು ಕೆಮ್ಮಿರಲಿಲ್ಲ. ಕೆಮ್ಮಿದ್ದರೂ ನನಗೆ ಗೊತ್ತಿರಲಿಲ್ಲ. ಅವಳು ಕಂಪ್ಯೂಟರ್ ತೆಗೆದು ಆ ಪುಟಕ್ಕೆ ಹೊಸದಾಗಿ ಬಂದಿದ್ದ ಒಂದು ಮೆಚ್ಚುಗೆ ಓದಿದಳು. ಡಬ್ಬ ಇನ್ನೂ ಬಂದಿಲ್ಲ, ಆದರೆ ಮಾಡುವ ಅಮ್ಮನೇ ಫೋನಿನಲ್ಲಿ ಮಾತಾಡಿದರು, ಹೆತ್ತ ತಾಯಿ ಹಾಗೆ ಊಟ ವಿಚಾರಿಸಿದರು ಅಂತ. ಐದು ಸ್ಟಾರು. ಅದೂ ಒಳಚೀಟಿಗೆ ಇಳಿದಿತ್ತು. ನನ್ನ ಸುಳ್ಳಿಗೆ ಹಸಿರು ಗುರುತು ಬಿದ್ದಿತ್ತು.

ಮಾರನೇ ದಿನ ಮಧ್ಯಾಹ್ನ ಫೋನ್ ಬಂತು. ಟಿಣ್ ಅಲ್ಲ, ಉದ್ದದ ರಿಂಗು. ವೀರನಹೊಸಹಳ್ಳಿಯಿಂದ ಒಬ್ಬಳು ಅತ್ತೆ.

"ಏನ್ರವ್ವ, ಖಾರದವ್ವ ಅಂದ್ರೆ ನೀವೇನಾ? ಹದಿನೈದು ದಿನದಿಂದ ಕಳಿಸ್ತೀನಿ ಕಳಿಸ್ತೀನಿ ಅಂತೀರಂತೆ. ನಾಕು ಸಲ ಒತ್ತವ್ಳೆ, ನಾಕು ಸಲ ಇಲ್ಲ ಅಂದಿದ್ದೀರಿ. ಮತ್ತೆ ನೋಡಿದ್ರೆ ಅದೆ ಅಂತ ತೋರಿಸ್ತದೆ. ಆಟ ಆಡ್ತಿದ್ದೀರಾ?"

ಮೊದಲ ಹೆರಿಗೆಯಲ್ಲಿ ಯಾವುದೋ ಪೇಟೆ ಖಾರ ತಿಂದು ಸೊಸೆಗೆ ಹೊಟ್ಟೆ ಕೆಟ್ಟು ಜೀವಕ್ಕೇ ಬಂದಿತ್ತಂತೆ. ಸೊಸೆಯ ಅಕ್ಕನಿಗೆ ಖಾರದವ್ವನ ಡಬ್ಬ ಹಿಡಿಸಿತ್ತಂತೆ. ಈ ಸಲ ಅದು ಬರೋ ತನಕ ಬೇರೆ ಏನೂ ಮುಟ್ಟಲ್ಲ ಅಂತ ಹಟ.

"ಬರೀ ಗಂಜಿ ತಿಳಿ ಕುಡ್ಕೊಂಡವ್ಳೆ ಕಣ್ರವ್ವ. ಹಾಲು ಬತ್ತಿಹೋಯ್ತಾ ಅದೆ. ಕೂಸು ಕೀರಲು ದನೀಲಿ ಅಳ್ತದೆ. ನಾನು ಬೈದ್ರೆ, ಆಯಮ್ಮನೇ ಕಳಿಸ್ತೀನಿ ಅಂದವ್ರೆ ಅಂತಾಳೆ. ದಿನಾ ಉಂಡ್ಯಾ ಅಂತ ನೀವು ಕೇಳ್ತೀರಂತೆ. ನಿಮ್ಮ ಖಾರ ಬಂದ್ಮೇಲೆ ಉಣ್ತೀನಿ ಅಂತ ಇವ್ಳು ಹೇಳ್ತಾಳಂತೆ. ಕೇಳಿಸ್ಲಿಲ್ವಾ ನಿಮಗೆ?"

ಕೇಳಿಸಿತ್ತು. ಉಂಡ್ಯಾ ಅಂತ ಕೇಳೋದು ಅವಳಿಂದ ಕಲಿತಿದ್ದೆ, ಉತ್ತರಕ್ಕೆ ಕಾಯೋದು ಕಲಿತಿರಲಿಲ್ಲ. ಖಾರದವ್ವ ಇದ್ದಿದ್ದರೆ ಇಲ್ಲ ಅಂದವಳನ್ನ ಅಲ್ಲೇ ಹಿಡಿದು ಬೈದು ಉಣ್ಣಿಸಿ ಫೋನ್ ಇಡುತ್ತಿದ್ದಳು.

"ನಾಳೆ ನಾನೇ ಬತ್ತೀನಿ," ಅಂದೆ. ಮನೆ ಎಲ್ಲಿ ಅಂತ ಕೇಳಿಕೊಂಡೆ.

ಮಾರನೇ ಬೆಳಗ್ಗೆ ಬಸ್ಸಿಗೆ ಮುಂಚೆ ಟೈಪಿಂಗಿನವಳನ್ನ ಕರೆಸಿದೆ. "ಆ ಇದೆಯೋ ಇಲ್ಲವೋ ಅನ್ನೋ ಸಾಲಿಗೆ ಏನೇನು ಬರೀಬಹುದು, ಓದು."

"ಇದೆ. ಇಲ್ಲ. ಮುಂಗಡ ಕೊಟ್ರೆ ಸಿಗುತ್ತೆ. ತಡವಾಗಿ ಸಿಗುತ್ತೆ. ನಿಂತುಹೋಗಿದೆ. ಇಂಥವೇ ಇನ್ನು ಕೆಲವು."

"ಸದ್ಯಕ್ಕಿಲ್ಲ, ಆಮೇಲೆ ನೋಡೋಣ ಅನ್ನೋದು?"

"ಅಂಥದ್ದಿಲ್ಲ. ಯಂತ್ರಕ್ಕೆ ಅದು ಬರಲ್ಲ."

"ಬರೀ ಇಲ್ಲ ಅಂದ್ರೆ?"

"ನಾಳೆ ಬರಬಹುದು ಅಂತ ಕಾಯ್ತಾರೆ."

ನಾಳೆ ಬರಬಹುದು ಅಂತಲೇ ಅಲ್ಲವಾ ನಾನೂ ಮೂರು ತಿಂಗಳಿಂದ ಡಬ್ಬ ಇಟ್ಟುಕೊಂಡಿದ್ದು. "ನಿಂತುಹೋಗಿದೆ, ಅದನ್ನ ಹಾಕು," ಅಂದೆ. ಅವಳು ಲೆಕ್ಕದ ಜೋಡಣೆ ಬಿಡಿಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವೇ ಒತ್ತಿ ದೊಡ್ಡವ್ವ. ನನ್ನ ಕೈಲಾಗಲ್ಲ." ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಉದ್ದದ ಪದ. ಹನ್ನೆರಡು ಅಕ್ಷರ. ನನ್ನ ಜನ್ಮದಲ್ಲಿ ಬರೆದ ಅತಿ ಉದ್ದದ ಇಂಗ್ಲಿಷು ಅದು. ನನ್ನ ಸುಳ್ಳಿಗೆ ಬಂದಿದ್ದ ಐದು ಸ್ಟಾರನ್ನೂ ತೆಗೆಸಿದೆ. ಅದು ಅವಳ ಖಾರಕ್ಕೆ ಬಂದದ್ದಲ್ಲ. ಕಪಾಟಿನ ಡಬ್ಬ ತೆಗೆದು ಚೀಲಕ್ಕೆ ಹಾಕಿದೆ. ಅದು ಕೂತಿದ್ದ ಜಾಗ ದುಂಡಗೆ, ಧೂಳಿಲ್ಲದೆ ಕಂಡಿತು.

ಹುಣಸೂರಲ್ಲಿ ಬಸ್ಸು ಬದಲಿಸಿ ವೀರನಹೊಸಹಳ್ಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆ ಊರ ಕೊನೆಗೆ, ಅದರಾಚೆ ಆನೆ ಕಂದಕ, ಕಂದಕದಾಚೆ ಕಾಡು. ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಅಂಗಳದಲ್ಲಿ ಅತ್ತೆ ನೀರು ಕೊಟ್ಟಳು. ಕಾಲು ತೊಳೆಯುತ್ತಾ "ಕೂಸು ಎಂಗದೆ?" ಅಂದೆ. ಅಷ್ಟೇ ಅಂದದ್ದು. ಒಳಗಿನ ಕತ್ತಲಿಂದ ದನಿ ಬಂತು.

"ಬಂದ್ರು ಕಣತ್ತೆ, ಅವ್ರೇ. ಖಾರದವ್ವ ಬಂದ್ರು."

ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು. ಮೂಗು, ಕಣ್ಣು ಅಷ್ಟೇ ಉಳಿದಿತ್ತು. ಮಡಿಲಲ್ಲಿ ಮಗು ಬಾಯಿ ಆಡಿಸುತ್ತಿತ್ತು, ಶಬ್ದ ಇರಲಿಲ್ಲ. ಅವಳು ನನ್ನ ನೋಡಿ, ಕೈಯಲ್ಲಿದ್ದ ಫೋನು ನೋಡಿದಳು.

"ಪೋಟದಲ್ಲಿ ಬೇರೆ ಥರ ಇದ್ದೀರಿ."

"ಪೋಟದಲ್ಲಿರೋಳು ನಾನಲ್ಲ ಮಗ. ಅವಳು ಸತ್ತು ಮೂರು ತಿಂಗಳು ದಾಟ್ತು."

"ಅಯ್ಯೋ ಬಾಯಿ ಮುಚ್ಚಿ!" ಅತ್ತೆ ನನ್ನ ರಟ್ಟೆ ಹಿಡಿದಳು. "ಬಾಣಂತಿ ಮುಂದೆ ಎಂಥ ಮಾತಾಡ್ತೀರಿ!"

"ಬುಡವ್ವ. ಮುಚ್ಚಿ ಮುಚ್ಚಿಯೇ ಇಲ್ಲಿಗೆ ಬಂದಿರೋದು."

ಆ ಹುಡುಗಿ ಅಳಲಿಲ್ಲ. ನಂಬಲೂ ಇಲ್ಲ. "ಸತ್ತಿದ್ರೆ ಮೊನ್ನೆ ಮಾತಾಡಿದ್ದು ಯಾರು? ಉಂಡ್ಯಾ ಕೂಸೇ ಅಂದಿದ್ದು? ಇದೇ ದನಿ." ಫೋನನ್ನ ನನ್ನ ಮುಖಕ್ಕೆ ಹಿಡಿದಳು. "ಇಲ್ಲಿ ನೋಡಿ. ಇದೆ ಅಂತ ತೋರಿಸ್ತಾ ಅದೆ."

ಬೆಳಗ್ಗೆ ಒತ್ತಿದ್ದನ್ನ ಯಂತ್ರ ಇನ್ನೂ ಬಂದು ಓದಿರಲಿಲ್ಲ. ಒನಕೆ ಹಿಡಿದುಕೊಂಡು ಅವಳು ನಿಂತಿದ್ದಳು, ಸಾಲ ಕೇಳಕ್ಕೆ ಬಂದ ಮೂತಿ ಮಾಡಿಕೊಂಡು. ಕೆಳಗೆ 'ಲಭ್ಯವಿದೆ'. ಆ ಕತ್ತಲಲ್ಲಿ ಅವಳ ಮುಖಕ್ಕೆ ಮಾತ್ರ ಬೆಳಕಿತ್ತು. ಒಂದು ಗಳಿಗೆ ನನಗೇ ಅನುಮಾನ ಬಂತು, ಇಲ್ಲಿಗೆ ಬಂದಿರೋದು ನಾನಾ ಅಂತ.

"ಮಾತಾಡಿದ್ದು ನಾನು," ಅಂದೆ. "ಅವಳ ಹೆಸರು ಹೇಳ್ಕೊಂಡು, ಅವಳ ಥರ. ಸುಳ್ಳಾಡ್ದೆ. ಅವಳೂ ಇಲ್ಲ, ಅವಳ ಖಾರವೂ ಇಲ್ಲ. ಇದೊಂದು ಡಬ್ಬ ಉಳಿದಿರೋದು. ಇದಾದ್ಮೇಲೆ ಎಲ್ಲೂ ಇಲ್ಲ."

ಬಾಣಂತಿ ಕೋಣೆಯಲ್ಲಿ ನಿಂತು ಅಷ್ಟು ಸಲ ಇಲ್ಲ ಅಂದವಳು ನಾನೊಬ್ಬಳೇ ಇರಬೇಕು.

ಒಲೆ ಹತ್ತಿರ ನಾನೇ ಹೋದೆ. ಡಬ್ಬದ್ದು ಒಂದು ಚಮಚ, ಅತ್ತೆ ಕುಟ್ಟಿಟ್ಟಿದ್ದು ಒಂದು ಚಮಚ, ಎರಡನ್ನೂ ಅವಳ ಕಣ್ಣೆದುರೇ ಬೆರೆಸಿದೆ. ತುಪ್ಪಕ್ಕೆ ಹಾಕಿ, ಬಿಸಿ ಅನ್ನಕ್ಕೆ ಕಲೆಸಿ, ಮೊದಲ ತುತ್ತು ನಾನು ಉಂಡೆ.

"ನಿಮ್ಮತ್ತೆದೂ ಖಾರವೇ. ದಿನಾ ಡಬ್ಬದ್ದು ಸ್ವಲ್ಪ ಕಮ್ಮಿ, ಇವ್ರದ್ದು ಸ್ವಲ್ಪ ಜಾಸ್ತಿ. ಹೊಟ್ಟೆಗೆ ಒಗ್ಗಿದ್ದು ಗೊತ್ತಾಗ್ತದೆ. ನಾಳೆ ಆಸ್ಪತ್ರೇಲಿ ಮಗು ತೂಕ ಹಾಕ್ಸಿ. ಈಗ ಉಣ್ಣು."

"ನೀವು ಯಾರು ಮತ್ತೆ?" ಅಂದಳು.

"ಹಪ್ಪಳದವಳು. ಉಣ್ಣು."

ಉಂಡಳು. ತಟ್ಟೆ ಬರಿದಾಗೋ ತನಕ ಎದುರಿಗೆ ಕೂತಿದ್ದೆ. ಈ ಸಲ ಉತ್ತರಕ್ಕೆ ಕಾದೆ.

ಹತ್ತು ದಿನ ಬಿಟ್ಟು ಅತ್ತೆ ಫೋನ್ ಮಾಡಿದಳು. ಹಾಲು ಇಳಿದಿದೆಯಂತೆ, ಮಗು ಊರಿಗೇ ಕೇಳೋ ಹಾಗೆ ಅಳುತ್ತಂತೆ. "ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ," ಅಂತಲೂ ಅಂದಳು. ಹೋಗಬಾರದು ಅಂದೆ.

ಅಷ್ಟರಲ್ಲಿ ಖಾರದವ್ವನೂ ಹೋಗಿದ್ದಳು. ನಾಲ್ಕು ದಿನ ಮಧ್ಯಾಹ್ನ ಟೈಪಿಂಗಿನವಳು ಹುಡುಕಿ ನೋಡಿದಳು. ಮೊದಲು 'ಲಭ್ಯವಿದೆ' ಅನ್ನೋದು ಹೋಯಿತು, ಆಮೇಲೆ ಸ್ಟಾರು, ಕೊನೆಗೆ ಮುಖ. ಆರ್ಡರ್ ನಿಂತಿತು. ಟೈಪಿಂಗಿನವಳು ಹಿಂದಿನ ಕೋಣೆಯ ಚಿಲಕ ತೆಗೆದಳು. ಕಪಾಟಿನ ದುಂಡು ಜಾಗವನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ಹಪ್ಪಳ ಇಟ್ಟೆ.

ಮೊನ್ನೆ ಮಧ್ಯಾಹ್ನ ಫೋನ್ ಬಂತು. ಯಾರೋ, ತನ್ನ ಅಕ್ಕನ ಹತ್ತಿರ ನಂಬರ್ ಇಸಕೊಂಡವಳು, ಕೆ.ಆರ್. ನಗರದ ಕಡೆಯ ಮಾತು. ಹಿಂದೆ ಮಗು ಅಳುತ್ತಿತ್ತು.

"ಖಾರದವ್ವ ಅವರಾ?"

"ಅಲ್ಲ ಕಣವ್ವ. ಅವಳು ತೀರಿಕೊಂಡಳು. ನಾನು ಬೇರೆ," ಅಂದೆ. ನನ್ನ ದನಿಯಲ್ಲೇ, ಗಟ್ಟಿಯಾಗಿ, ಸ್ಪಷ್ಟವಾಗಿ.

ಫೋನ್ ಇಟ್ಟು ತಲೆ ಎತ್ತಿದರೆ ಟೈಪಿಂಗಿನವಳು ಕೀಲಿಗಳ ಮೇಲೆ ಬೆರಳು ಹಾಗೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಸರಿಯಾಗೇ ಹೇಳಿದ್ನಲ್ಲೇ. ಇನ್ನೇನು?"

"ಹೇಳೋಕೆ ಮುಂಚೆ," ಅಂದಳು, "ಎರಡು ಸಲ ಕೆಮ್ಮಿದಿರಿ."